ಕ್ರೇನಿನ ಹಿಂದಿದ್ದ ಕಿಟಕಿ

ದಿನಾ ಡೈರಿ ಬರೆಯುವವರಿಗೆ ದೆವ್ವ ಭೂತ ಕಾಣಿಸುವುದಿಲ್ಲ ಎಂದು ಕ್ರೋಂಪೇಟೆಯ ಚಿಕ್ಕಮ್ಮನ ಮನೆಯಲ್ಲಿ ಒಮ್ಮೆ ನಾನೇ ಹೇಳಿ ಎಲ್ಲರನ್ನೂ ನಗಿಸಿದ್ದೆ. ದಿನಾಂಕ, ಗಂಟೆ ಬರೆದಿಟ್ಟರೆ ಅರ್ಧ ವಿಚಿತ್ರಗಳು ಅಲ್ಲೇ ಕರಗಿಹೋಗುತ್ತವೆ, ಉಳಿದರ್ಧ ಹೇಳುವವರ ಮರೆವು ಎಂದು ನಂಬಿದ್ದೆ. ಈಗ ಹೇಳುತ್ತಿರುವ ಸಂಗತಿಗೆ ದಿನಾಂಕವೂ ಇದೆ, ಲೆಕ್ಕವೂ ಇದೆ. ಆದರೂ ಅದು ಕರಗಿಲ್ಲ. ನೀವು ನಂಬಲೇಬೇಕೆಂದು ಕೇಳುವುದಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಮೈಸೂರಿನಲ್ಲಿ ಚಿತ್ರಕಲೆ ಕಲಿತು ಬಂದ ನನಗೆ ತಮಿಳು ಸಿನಿಮಾದವರ ಬೀಡಾದ ಕೋಡಂಬಾಕ್ಕಂನ ಒಂದು ಗ್ರಾಫಿಕ್ಸ್ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು. ಕೆಲಸವೆಂದರೆ ಅಳಿಸುವುದು. ಹೀರೋ ಗಾಳಿಯಲ್ಲಿ ಹಾರುವಾಗ ಅವನನ್ನು ಹಿಡಿದಿರುವ ತಂತಿಗಳನ್ನು ಒಂದೊಂದೇ ಫ್ರೇಮಿನಿಂದ ತೆಗೆಯಬೇಕು. ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮು. ಸಂಜೆ ಚಿಕ್ಕಮ್ಮನ ಮನೆಗೆ ಮರಳುವ ರೈಲಿನಲ್ಲಿ ಕೂತು ಅಂದಿನ ಎಣಿಕೆಯನ್ನು ಡೈರಿಗೆ ಏರಿಸುತ್ತಿದ್ದೆ. ಮೊದಲ ದಿನ ಒಂಬತ್ತು, ಮೂರನೆಯ ತಿಂಗಳಿಗೆ ನಲವತ್ತೊಂದು. ಅಷ್ಟರಲ್ಲೇ ನನಗೆ ಪರಮ ಸಂತೋಷ.

ಜುಲೈನಲ್ಲಿ ಹನ್ನೊಂದು ಸೆಕೆಂಡಿನ ಒಂದು ಶಾಟ್ ಬಂತು. ಊರಿನ ಹಳೇ ವ್ಯಾಪಾರದ ಕೇರಿಯಾದ ಪ್ಯಾರೀಸ್ ಕಾರ್ನರಿನ ಒಂದು ಬೀದಿಯಲ್ಲಿ ಹೀರೋ ಈ ಮಹಡಿಯಿಂದ ಆ ಮಹಡಿಗೆ ಹಾರುತ್ತಾನೆ. ಅವನನ್ನು ತೂಗುಹಾಕಿದ್ದ ಕ್ರೇನ್ ಎದುರುಗಡೆಯ ಹಳೇ ಕಟ್ಟಡಕ್ಕೆ ಅಡ್ಡ ನಿಂತಿತ್ತು. ಸಾಲದ್ದಕ್ಕೆ ಬಿಸಿಲು ತಡೆಯಲು ಕಟ್ಟಿದ್ದ ದೊಡ್ಡ ಕಪ್ಪು ಬಟ್ಟೆ ಬೇರೆ. ಇಂಥ ಕಡೆ ಕ್ರೇನ್ ಸರಿಸಿ ಖಾಲಿ ಬೀದಿಯನ್ನು ಒಮ್ಮೆ ಶೂಟ್ ಮಾಡಿಕೊಂಡು ಬರಬೇಕು. ಅದನ್ನು ನಾವು ಕ್ಲೀನ್ ಪ್ಲೇಟ್ ಅನ್ನುತ್ತೇವೆ. ಲೋಡು ಇಳಿಸುವ ಲಾರಿಗಳ ಗಲಾಟೆಯಲ್ಲಿ ಕ್ಯಾಮೆರಾದವರು ಅದನ್ನು ಮರೆತು ಬಂದಿದ್ದರು.

ನಮ್ಮ ಸೂಪರ್‌ವೈಸರ್ ರಾಘು ಸರ್. ಅವರ ತಾತ ಕೋಲಾರದಿಂದ ಬಂದವರು. ಅವರ ಕನ್ನಡದಲ್ಲಿ ಕಾಲು ಪಾಲು ತಮಿಳು. "ಎನ್ನಮ್ಮಾ ಮಾಡೋದು, ಆ ಗೋಡೆ ನೀನೇ ಬರೆದ್ಬಿಡು. ಪಕ್ಕದ ಕಿಟಕೀನೇ ಕಾಪಿ ಹೊಡಿ, ಯಾರು ಪಾರ್ತಾರೆ, ನೋಡೋರು ಯಾರು?" ಅಂದರು.

ಹಾಗೆ ನಕಲು ಮಾಡುವುದೇ ನಮ್ಮಲ್ಲಿ ಪದ್ಧತಿ. ನಾನೂ ಮಾಡಿದೆ, ಆದರೆ ಅದು ಸುಳ್ಳು ಅನ್ನಿಸಿತು. ಅಳಿಸಿದೆ. ಆಮೇಲೆ ಕೈ ತಾನಾಗಿ ಓಡಿತು ಅಂತೇನೂ ಹೇಳುವುದಿಲ್ಲ. ಯೋಚಿಸಿಯೇ ಬರೆದೆ. ಚಿಕ್ಕದೊಂದು ಕಿಟಕಿ, ಕೆಳಗಿನ ಅರ್ಧಕ್ಕೆ ಇಟ್ಟಿಗೆ ಕಟ್ಟಿ ಮುಚ್ಚಿದ್ದು, ಮೇಲೆ ಒಂದು ಕಡೆ ಬಾಗಿದ ತಗಡಿನ ಸೂರು. ತೀರ ಅಚ್ಚುಕಟ್ಟಾದರೆ ಬರೆದದ್ದೆಂದು ಗೊತ್ತಾಗುತ್ತದೆಂದು ಒಂದು ಇಟ್ಟಿಗೆ ಕಿತ್ತುಹಾಕಿದೆ. ಆ ದಿನದ ಡೈರಿ ಹೀಗಿದೆ: "ಗೋಡೆ ಮುಗಿಯಿತು. ಇಟ್ಟಿಗೆ ಏಳು ಸಾಲು. ಐದನೇ ಸಾಲಿನಲ್ಲಿ ಎಡದಿಂದ ಎರಡನೆಯದು ಇಲ್ಲ. ಕಾಫಿ ಮೂರು."

ಅಕ್ಟೋಬರಿನಲ್ಲಿ ಆ ಸಿನಿಮಾವನ್ನು ವಿಷುವಲ್ ಎಫೆಕ್ಟ್ಸ್ ಪ್ರಶಸ್ತಿಯೊಂದಕ್ಕೆ ಕಳಿಸುವುದೆಂದಾಯಿತು. ಅರ್ಜಿಯಲ್ಲಿ ರಾಘು ಸರ್ ಈ ಶಾಟಿನ ಎದುರು "ಯಾವ ಆಧಾರವೂ ಇಲ್ಲದೆ ಪೂರ್ತಿ ಕೈಯಿಂದ ಬರೆದದ್ದು" ಎಂದು ಬರೆದು ನನ್ನ ಹೆಸರು ಸೇರಿಸಿದರು. ನನ್ನ ಹೆಸರು ಅಚ್ಚಾಗುವುದು ಅದೇ ಮೊದಲು. ಮನೆಗೆ ಫೋನ್ ಮಾಡಿ ಅಪ್ಪನಿಗೆ ಹೇಳಿಯೂಬಿಟ್ಟಿದ್ದೆ.

ಅರ್ಜಿ ಕಳಿಸಲು ನಾಲ್ಕು ದಿನ ಇತ್ತು. ನನ್ನ ಪಕ್ಕದ ಸೀಟಿನ ಸೆಲ್ವಂ ಕೇಬಲ್ ಕೊಳ್ಳಲು ಪ್ಯಾರೀಸ್ ಕಾರ್ನರಿಗೆ ಹೋದವನು ನಗುತ್ತಾ ವಾಪಸ್ ಬಂದ. "ಡೈರಿ ಮೇಡಂ, ಒಳ್ಳೇ ಆಳು ನೀವು! ಕ್ಲೀನ್ ಪ್ಲೇಟನ್ನ ಮಡಿಲಲ್ಲಿಟ್ಟುಕೊಂಡು ಕೈಯಲ್ಲಿ ಬರೆದೆ ಅಂತೀರಾ?" ಎಂದು ತಮಿಳಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ. ನಾನು ಬರೆದ ಕಿಟಕಿ ಅಲ್ಲಿ ಇದೆಯಂತೆ.

ನಾನು ನಕ್ಕೆ. ರಾಘು ಸರ್ ನಗಲಿಲ್ಲ. ಅರ್ಜಿಯಲ್ಲಿ ಸುಳ್ಳಿದೆ ಎಂದಾದರೆ ಹದಿನಾಲ್ಕು ಜನರ ಒಂದು ವರ್ಷದ ದುಡಿಮೆ ಕಸದ ಬುಟ್ಟಿಗೆ. "ನಿಜ ಹೇಳಮ್ಮಾ, ಕೋಪ ಮಾಡ್ಕೊಳಲ್ಲ. ಹೋಗಿ ನೋಡ್ಕೊಂಡು ಬಂದ್ಯಾ?" ಅಂದರು. ನಾನು ಡೈರಿ ತೆಗೆದೆ. ನಾನು ಹತ್ತುವ ರೈಲು ಬೀಚ್ ಸ್ಟೇಷನ್‌ವರೆಗೆ, ಎಂದರೆ ಪ್ಯಾರೀಸ್ ಕಾರ್ನರಿನ ಬಾಗಿಲಿಗೇ ಹೋಗುತ್ತದೆ, ನಿಜ. ಆದರೆ ನನ್ನ ಪಾಸು ಕೋಡಂಬಾಕ್ಕಂವರೆಗೆ ಮಾತ್ರ. ಜುಲೈಗೆ ಮುಂಚೆ ಅದಕ್ಕಿಂತ ಆಚೆ ನಾನು ಹೋದದ್ದು ಸೊನ್ನೆ ಸಲ. ಆದರೆ ಡೈರಿ ಬರೆದವಳು ನಾನೇ ತಾನೆ? ಅವರು ಪುಟ ತಿರುಗಿಸಿ ನೋಡಿ ವಾಪಸ್ ಕೊಟ್ಟರು.

ಭಾನುವಾರ ಬೆಳಿಗ್ಗೆ ರಾಘು ಸರ್, ಸೆಲ್ವಂ, ನಾನು ಮೂವರೂ ಆ ಫ್ರೇಮಿನ ಪ್ರಿಂಟು ಹಿಡಿದುಕೊಂಡು ಅಲ್ಲಿಗೆ ಹೋದೆವು. ಅಂಗಡಿಗಳು ಮುಚ್ಚಿದ್ದವು, ಬೀದಿ ಖಾಲಿ, ಚೆನ್ನಾಗಿ ಬಿಸಿಲಿತ್ತು. ಕತ್ತೆತ್ತಿ ನೋಡಿದೆ. ಕಿಟಕಿ ಇತ್ತು. ಬಾಗಿದ ತಗಡು ಇತ್ತು. ಇಟ್ಟಿಗೆ ಎಣಿಸಿದೆ, ಏಳು ಸಾಲು. ಐದನೆಯದರಲ್ಲಿ ಎಡದಿಂದ ಎರಡನೆಯದು ಇರಲಿಲ್ಲ. ಸೆಲ್ವಂ "ಈಗೇನಂತೀರಿ?" ಅನ್ನುವಂತೆ ನನ್ನ ಕಡೆ ನೋಡಿದ. ನಾನೇ ಎಂದೋ ಬಂದು ಮರೆತೆನೇ ಎಂದು ಒಂದು ಕ್ಷಣ ನನ್ನ ಮೇಲೇ ಅನುಮಾನವಾಯಿತು.

ಕೆಳಗೆ ಒಂದು ಉಡುಪಿ ಹೋಟೆಲ್. ನಾವು ಗೋಡೆ ನೋಡುತ್ತಾ ನಿಂತದ್ದನ್ನು ಕಂಡು ಮಾಲೀಕರು ಹೊರಗೆ ಬಂದರು. ನಮ್ಮ ಕನ್ನಡ ಕೇಳಿ ಅವರಿಗೆ ಖುಷಿಯಾಯಿತು.

"ಆ ಕಿಟಕಿಯಾ? ಅದು ಉಂಟು ಅಂತ ನನಗೇ ಮರ್ತುಹೋಗಿತ್ತು ಮಾರಾಯ್ರೆ. ಇಪ್ಪತ್ತು ವರ್ಷ ನಮ್ಮ ಹೋಟೆಲಿನ ಬೋರ್ಡು ಅದರ ಮೇಲೇ ಇದ್ದದ್ದು. ಮೊನ್ನೆ ಆಯುಧಪೂಜೆಗೆ ಬಣ್ಣ ಹೊಡೆಸ್ಲಿಕ್ಕೆ ಅಂತ ಇಳಿಸಿದ್ದು."

"ಜುಲೈನಲ್ಲಿ ಶೂಟಿಂಗ್ ಆದಾಗ?" ಎಂದು ರಾಘು ಸರ್ ಕೇಳಿದರು.

"ಬೋರ್ಡು ಇತ್ತಲ್ಲ! ನಿಮ್ಮವರ ಕಪ್ಪು ಬಟ್ಟೆಯಲ್ಲಿ ಬೋರ್ಡೇ ಮುಚ್ಚಿಹೋಯ್ತು, ಗಿರಾಕಿ ಬರುವುದಿಲ್ಲ ಅಂತ ನಾನೇ ಜಗಳ ಮಾಡಿದ್ದೆ. ಮತ್ತೆ ಆ ಒಂದು ಇಟ್ಟಿಗೆ ಇಲ್ವಲ್ಲ, ಮೇಲೆ ಅಕ್ಕಿಮೂಟೆ ಇಡುವ ಕೋಣೆ. ಇಲಿ ಹಿಡೀಲಿಕ್ಕೆ ಬೆಕ್ಕು ಬರ್ಲಿ ಅಂತ ಬೋರ್ಡು ಹಾಕುವ ಮೊದಲೇ ನನ್ನ ಅಮ್ಮ ತೆಗೆಸಿದ್ದು."

ಕ್ಲೀನ್ ಪ್ಲೇಟ್ ಇದ್ದಿದ್ದರೆ ಅದರಲ್ಲಿ ಬೋರ್ಡು ಇರುತ್ತಿತ್ತು. ನಾನು ಹತ್ತು ಸಲ ಬಂದು ನೋಡಿದ್ದರೂ ಬೋರ್ಡೇ ಕಾಣುತ್ತಿತ್ತು. ನನ್ನ ಮೇಲಿನ ಅಪವಾದ ಅಲ್ಲಿಗೆ ಮುಗಿಯಿತು. ರಾಘು ಸರ್ ಪ್ರಿಂಟನ್ನು ಮೇಲಕ್ಕೆ ಹಿಡಿದು ಹೋಲಿಸಿ, ಗೋಡೆಯಲ್ಲಿ ಬೋರ್ಡಿನ ಮೊಳೆಗಳ ತೂತುಗಳನ್ನು ಬೆರಳಿನಿಂದ ತೋರಿಸಿದರು. ನನ್ನ ಚಿತ್ರದಲ್ಲಿ ಆ ತೂತುಗಳು ಇರಲಿಲ್ಲ. ಬೋರ್ಡು ಏರುವ ಮುಂಚಿನ ಗೋಡೆ ಅದು. ಆಗ ನಾನು ಮೈಸೂರಿನಲ್ಲಿ ತೊಟ್ಟಿಲಲ್ಲಿದ್ದೆನೋ ಏನೋ.

ಸೆಲ್ವಂ ಕ್ಷಮೆ ಕೇಳಲಿಲ್ಲ. "ಮೇಡಂ, ನನ್ನ ಮದುವೆ ಯಾರ ಜೊತೆ ಅಂತಾನೂ ಒಂಚೂರು ಬರೆದುಕೊಡಿ" ಅಂದ. ಎಲ್ಲರ ದೋಸೆಗೂ ಅವನೇ ದುಡ್ಡು ಕೊಟ್ಟ. ಅರ್ಜಿಯ ಆ ವಾಕ್ಯವನ್ನು ರಾಘು ಸರ್ ಬದಲಿಸಲಿಲ್ಲ. ಪ್ರಶಸ್ತಿ ಬಂತು. ಅಪ್ಪ ಅದರ ಜೆರಾಕ್ಸ್ ಮಾಡಿಸಿ ನೆಂಟರಿಗೆಲ್ಲ ಹಂಚಿದರು.

ಏಳು ವರ್ಷವಾಯಿತು. ಈಗಲೂ ಇದೇ ಕೆಲಸ, ಇದೇ ಊರು, ಇದರಲ್ಲಿ ನನಗೆ ಸುಖವಿದೆ. ಅಂದಿನಿಂದ ಇಂದಿನವರೆಗೆ ಹೀಗೆ ಆಧಾರವಿಲ್ಲದೆ ಬರೆದುಕೊಟ್ಟ ಜಾಗಗಳು ಹತ್ತೊಂಬತ್ತು. ರಜೆಯ ದಿನ ಹೋಗಿ ನೋಡಿ ಬಂದದ್ದು ಹನ್ನೊಂದು. ಊರಂಚಿನ ಮಣಲಿಯ ಕಾರ್ಖಾನೆಯ ಕಾಂಪೌಂಡಿಗೂ ಹೋಗಿ ಬಿಸಿಲಲ್ಲಿ ನಿಂತು ಹೋಲಿಸಿದ್ದೇನೆ. ಒಂದೂ ಹೊಂದಲಿಲ್ಲ. ಪ್ರತಿ ಸಲವೂ ನೆಮ್ಮದಿಯಾಗುತ್ತದೆ, ವಾಪಸ್ ಬರುವಾಗ ಮಾತ್ರ ಯಾಕೋ ಸ್ವಲ್ಪ ಬೇಜಾರೂ ಆಗುತ್ತದೆ. ಉಳಿದ ಎಂಟನ್ನು ಇನ್ನೂ ನೋಡಿಲ್ಲ.