ಮೊಣಕಾಲುದ್ದದ ಸುಳ್ಳು ಬಿಟ್ಟ ಅಲೀಮಮ್ಮ

ಕಂಕನಾಡಿ ಮಾರುಕಟ್ಟೆಯ ಎದುರು ಬೀದಿದೀಪ ಇನ್ನೂ ಆರಿಲ್ಲ. ಹೂವಿನವರು ಗೋಣಿ ಬಿಚ್ಚುತ್ತಿದ್ದಾರೆ. ರಸ್ತೆ ಬದಿಗೆ ನಿಂತ ವ್ಯಾನಿನ ಮೆಟ್ಟಿಲ ಮೇಲೆ ಅಲೀಮಮ್ಮ ಕುಳಿತಿದ್ದಾರೆ. ತಲೆಗೆ ಬಿಗಿಯಾಗಿ ಸುತ್ತಿದ ಬಿಳಿ ಶಾಲು, ಕಾಲಿಗೆ ಗಂಡಸರ ರಬ್ಬರ್ ಬೂಟು, ಮಡಿಲಲ್ಲಿ ದಿಂಬಿನಷ್ಟು ದಪ್ಪದ ಕಪ್ಪು ಬಟ್ಟೆಯ ಸುರುಳಿ. ಒಳಗೆ ಹುಡುಗಿಯರು ಆಗಲೇ ಚಿಪ್ಸ್ ಪೊಟ್ಟಣ ಒಡೆದಾಗಿದೆ. ಹಿಂದಿನ ಸಾಲುಗಳು ಮಾತ್ರ ಖಾಲಿ. ಅಲ್ಲಿನ ಒಂದು ಸೀಟಿನಲ್ಲಿ, ಅಲೀಮಮ್ಮನ ಬಗ್ಗೆ ಬರೆಯಲೆಂದು ಬಂದ ನಾನು ಕುಳಿತಿದ್ದೇನೆ.

"ಹೊರಡುವನಾ ಅಕ್ಕ?" ಚಾಲಕ ಪ್ರೇಮನಾಥ ಕೇಳುತ್ತಾರೆ.

"ಸ್ವಲ್ಪ ನಿಲ್ಲಿ ಮಾರಾಯ್ರೆ. ಮೋಕ್ಷಾ ಬರ್ಲಿಕ್ಕುಂಟು."

"ಫೋನ್ ಮಾಡಿ ನೋಡಿ."

"ಮಾಡುವುದಿಲ್ಲ. ಮಾಡಿದ್ರೆ ಅವಳ ಅಮ್ಮನಿಗೆ ಒತ್ತಾಯ ಮಾಡಿದ ಹಾಗೆ ಆಗ್ತದೆ."

ಅಲೀಮಮ್ಮನ ಈ ಕೆಲಸಕ್ಕೆ ಹೆಸರೇ ಇಲ್ಲ. ಗೆಳತಿಯರ ಗುಂಪೊಂದು ರಜಾದಿನ ಘಟ್ಟದ ಬುಡದ ಜಲಪಾತಕ್ಕೆ ನಡೆದು ಹೋಗಿಬರಬೇಕೆಂದರೆ ಇವರು ಜತೆಗೆ ಹೋಗುತ್ತಾರೆ, ಸಂಜೆ ಕತ್ತಲಾಗುವ ಮೊದಲು ಎಲ್ಲರನ್ನೂ ವಾಪಸು ತಂದು ಬಿಡುತ್ತಾರೆ. ಕೊಡಿಯಾಲ್‌ಬೈಲಿನ ಕಾಲೇಜು ಹುಡುಗಿಯರು ಎಷ್ಟು ಅತ್ತು ಕರೆದರೂ ಮನೆಯಲ್ಲಿ ಸಿಗದ ಒಪ್ಪಿಗೆ 'ಅಲೀಮ ಆಂಟಿ ಬರ್ತಾರೆ' ಎಂಬ ಒಂದು ಮಾತಿಗೆ ಸಿಗುತ್ತದೆ. ಗಂಡುಹುಡುಗರು ಹೇಳದೆ ಕೇಳದೆ ಬೈಕ್ ಹತ್ತಿ ಹೋಗಿಬರುತ್ತಾರೆ, ಅವರಿಗೆ ಯಾವ ಆಂಟಿಯೂ ಬೇಡ. ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ, ಅಲೀಮಮ್ಮನಿಗೆ ನಗು ಬರುತ್ತದೆ.

ವಾರವಿಡೀ ಅವರು ಇಲ್ಲೇ ಓಣಿಯೊಂದರ ಕೋಣೆಯಲ್ಲಿ ನೈಟಿ ಹೊಲಿಯುತ್ತಾರೆ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರವೇ ಅನ್ನ ಕೊಟ್ಟಿದೆ. ರೆಡಿಮೇಡ್ ಅಂಗಡಿಗಳು ಬಂದು ಆ ಅನ್ನಕ್ಕೂ ಕುತ್ತು ಬಂದ ಹೊತ್ತಿನಲ್ಲೇ ತಂಗಿ ರುಖಿಯಾಳ ಮಗಳು ಸಫಾ ಜಲಪಾತ ನೋಡಬೇಕೆಂದು ಹಟ ಹಿಡಿದಳು. "ಅಕ್ಕ ಹೋದ್ರೆ ಮಾತ್ರ ಕಳಿಸ್ತೇನೆ" ಎಂದಳು ರುಖಿಯಾ. ಹಾಗೆ ಶುರುವಾಯಿತು. ಆಮೇಲೆ ಸಫಾಳ ಗೆಳತಿಯರು, ಗೆಳತಿಯರ ಗೆಳತಿಯರು.

ಮೊದಲ ಸಲ ಹೋದಾಗ ಒದ್ದೆ ಹುಡುಗಿಯರು ಬಟ್ಟೆ ಬದಲಿಸಲು ಜಾಗವಿಲ್ಲದೆ ದಾರಿಯುದ್ದಕ್ಕೂ ನಡುಗಿದ್ದನ್ನು ಅವರು ನೋಡಿದರು. ಮರುದಿನವೇ ಕೊಡೆಯ ಬಟ್ಟೆ ತಂದು ಕುತ್ತಿಗೆಗೆ ಇಲಾಸ್ಟಿಕ್ ಕೊಟ್ಟು, ಕೆಳಗೆ ಧಾರಾಳ ಅಗಲ ಬಿಟ್ಟು ಒಂದು ಡೇರೆ ಹೊಲಿದರು. ತಲೆ ಹೊರಗೆ, ಮೈಯೆಲ್ಲ ಒಳಗೆ. ಬಯಲಲ್ಲೇ ನಿಂತು ಹರಟುತ್ತಾ ಬಟ್ಟೆ ಬದಲಿಸಬಹುದು. ಮಡಿಲಲ್ಲಿರುವ ಸುರುಳಿ ಅದೇ.

ಆದರೂ ತಾಯಂದಿರು ಒಂದು ಪ್ರಶ್ನೆ ಕೇಳದೆ ಬಿಡುತ್ತಿರಲಿಲ್ಲ: "ನೀರಿಗೆ ಇಳಿಯುವುದಿಲ್ಲ ಅಲ್ವಾ?" ಅಲೀಮಮ್ಮನ ಉತ್ತರವೂ ಯಾವಾಗಲೂ ಒಂದೇ: "ಮೊಣಕಾಲಿನವರೆಗೆ ಮಾತ್ರ." ಜಲಪಾತಕ್ಕೆ ಹೋದವರು ಮೊಣಕಾಲಿಗೆ ನಿಲ್ಲುತ್ತಾರೆಯೇ? ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಕಳಿಸುವವರಿಗೆ ಒಂದು ನೆಪ ಬೇಕು, ಕೊಟ್ಟರಾಯಿತು ಎಂದುಕೊಂಡಿದ್ದರು ಅಲೀಮಮ್ಮ. ಒಬ್ಬ ತಾಯಿ ಮಾತ್ರ ಅದನ್ನು ನಿಜವೆಂದೇ ನಂಬಿದ್ದರು.

ಅವರು ಮೋಕ್ಷಾಳ ಅಮ್ಮ ಶಶಿಪ್ರಭಾ. ಹುಟ್ಟಿದ್ದು ತೋಟಬೆಂಗ್ರೆಯ ಮೀನುಗಾರರ ಮನೆಯಲ್ಲಿ, ಈಗಿರುವುದು ಶಕ್ತಿನಗರದಲ್ಲಿ, ಮೀನು ಮಾರುವುದು ಇದೇ ಕಂಕನಾಡಿಯಲ್ಲಿ. ಕಳೆದ ವರ್ಷ ಪಾಚಿ ಬಂಡೆಯಲ್ಲಿ ಮೋಕ್ಷಾ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಆಸ್ಪತ್ರೆಗೆ ಓಡಿಬಂದ ಶಶಿಪ್ರಭಾ ಮೊದಲು ಮುಟ್ಟಿದ್ದು ಮಗಳ ತಲೆಯನ್ನು.

"'ಮೊಣಕಾಲಿನವರೆಗೆ ಇಳಿದವಳ ತಲೆ ಹೇಗೆ ಒದ್ದೆ ಆಯ್ತು ಅಕ್ಕ' ಅಂತ ಕೇಳಿದ್ರು," ಅಲೀಮಮ್ಮ ಹೇಳುತ್ತಾರೆ. "ಬೈದಿದ್ರೆ ತಡ್ಕೊಳ್ತಿದ್ದೆ. ಬೈಲೇ ಇಲ್ಲ."

ಮಳೆಗಾಲ ಮುಗಿದು ಈ ಸಲದ ಮೊದಲ ಪ್ರವಾಸ ನಿಗದಿಯಾದಾಗ ಅವರು ಎಲ್ಲ ತಾಯಂದಿರಿಗೂ ವಾಟ್ಸ್‌ಆ್ಯಪ್‌ನಲ್ಲಿ ತಮ್ಮದೇ ದನಿಯಲ್ಲಿ ಹೇಳಿ ಕಳಿಸಿದರು: "ಮಕ್ಕಳು ನೀರಿಗೆ ಇಳಿಯುತ್ತಾರೆ. ತಲೆ ಒದ್ದೆ ಆಗ್ತದೆ. ಸೊಂಟಕ್ಕಿಂತ ಆಳಕ್ಕೆ ಬಿಡುವುದಿಲ್ಲ, ಪಾಚಿ ಬಂಡೆ ಹತ್ತಲಿಕ್ಕೆ ಬಿಡುವುದಿಲ್ಲ. ಮನಸ್ಸಿದ್ದವರು ಕಳಿಸಿ." ಗೊತ್ತಿದ್ದೂ ಗೊತ್ತಿಲ್ಲದಂತೆ ಇದ್ದವರಿಗೆಲ್ಲ ಇದು ದೊಡ್ಡ ಪೇಚಾಯಿತು. ಒಬ್ಬರ ಹಿಂದೆ ಒಬ್ಬರು ಮಕ್ಕಳ ಹೆಸರು ವಾಪಸು ತೆಗೆದುಕೊಂಡರು. "ನಿನಗೆ ಮರ್ಲಾ, ತಲೆ ಸರಿ ಇಲ್ವಾ? ಇಷ್ಟು ವರ್ಷ ಹೇಳಿದ್ದನ್ನೇ ಹೇಳಲಿಕ್ಕೆ ಎಂತ ಕಷ್ಟ?" ಎಂದು ರುಖಿಯಾಳೂ ಗದರಿದಳು. ವ್ಯಾನು ಹೀಗೆ ಅರ್ಧ ಖಾಲಿ ಹೋದರೆ ಇನ್ನೊಮ್ಮೆ ಹೊರಡಲಾಗದು ಎಂದು ಪ್ರೇಮನಾಥ ಮೊದಲೇ ಹೇಳಿಬಿಟ್ಟಿದ್ದಾರೆ. ಶಶಿಪ್ರಭಾ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ.

ಬೆಳಕು ಹರಿಯುತ್ತಿದೆ. ಪ್ರೇಮನಾಥ ಎಂಜಿನ್ ಚಾಲೂ ಮಾಡುತ್ತಾರೆ. ಅಲೀಮಮ್ಮ ಏಳುವಷ್ಟರಲ್ಲಿ ಸ್ಕೂಟರೊಂದು ಬಂದು ನಿಲ್ಲುತ್ತದೆ. ಮುಂದೆ ಖಾಲಿ ಮೀನಿನ ಬುಟ್ಟಿ, ಹಿಂದೆ ಮೋಕ್ಷಾ. ಶಶಿಪ್ರಭಾ ಇಳಿಯುವುದೂ ಇಲ್ಲ.

"ತಲೆ ಸರಿ ಒರೆಸಿ ಕಳಿಸಿ," ಎಂದಷ್ಟೇ ಹೇಳಿ, ಮೀನಿನ ದೋಣಿಗಳು ಬಂದು ನಿಲ್ಲುವ ಧಕ್ಕೆಯ ಕಡೆಗೆ ಹೊರಟುಬಿಡುತ್ತಾರೆ. ಅಲೀಮಮ್ಮ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡು, ಧೂಳು ಬಿತ್ತೆಂದು ನನಗೆ ಹೇಳುತ್ತಾರೆ.

ಕಾಡಿನ ದಾರಿಯಲ್ಲಿ ರಕ್ತ ಹೀರುವ ಇಂಬಳ ಧಾರಾಳ. ಅಲೀಮಮ್ಮನಿಗೆ ಮಂಡಿನೋವು, ಆದರೂ ಎಲ್ಲರ ಹಿಂದೆ ನಡೆಯುವುದು ಅವರೇ. ಮುಂದೆ ನಡೆದರೆ ಹಿಂದೆ ಉಳಿದವರು ಕಾಣುವುದಿಲ್ಲ. ನೀರಿನ ಸದ್ದು ಕೇಳಿದ್ದೇ ಹುಡುಗಿಯರು ಓಡುತ್ತಾರೆ. ಅಲೀಮಮ್ಮ ಒಣ ಬಂಡೆಯೊಂದರ ಮೇಲೆ ಕುಳಿತು ಎಲ್ಲರ ಫೋನುಗಳನ್ನು ಚೀಲಕ್ಕೆ ಹಾಕಿ, ಬಾಯಲ್ಲಿ ಸೀಟಿ ಕಚ್ಚಿಕೊಳ್ಳುತ್ತಾರೆ. ಮೋಕ್ಷಾ ಅಂಚಿನಲ್ಲೇ ನಿಂತಿದ್ದಾಳೆ. ಮುರಿದಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಇವರತ್ತ ನೋಡುತ್ತಾಳೆ.

"ಹೋಗು ಮಾರಾಯ್ತಿ," ಅಲೀಮಮ್ಮ ಸೀಟಿ ತೆಗೆದು ಕೂಗುತ್ತಾರೆ. "ಮನೆಯಲ್ಲಿ ಹೇಳಿಯೇ ಬಂದದ್ದಲ್ವಾ? ಇನ್ನು ಎಂತ ಹೆದರಿಕೆ?"

ಮೋಕ್ಷಾ ಸಫಾಳ ಕೈ ಹಿಡಿದು ಧಾರೆಯ ಕೆಳಗೆ ನಿಂತು ಕಿರುಚುತ್ತಾಳೆ. ಎಷ್ಟು ಖುಷಿಯ ಕಿರುಚಾಟ ಅದು! ಆಮೇಲೆ ಒಬ್ಬೊಬ್ಬರಾಗಿ ಡೇರೆಯೊಳಗೆ ಹೋಗಿ ಬೆಚ್ಚಗೆ ಹೊರಬರುತ್ತಾರೆ. ಮೋಕ್ಷಾಳ ತಲೆಯನ್ನು ಅಲೀಮಮ್ಮನೇ ಒರೆಸುತ್ತಾರೆ, ಅವಳು ಸಾಕು ಸಾಕು ಎನ್ನುವವರೆಗೂ.

ಸಂಜೆ ವ್ಯಾನು ಕಂಕನಾಡಿ ತಲುಪುವಾಗ ಶಶಿಪ್ರಭಾ ಕಾಯುತ್ತಾ ನಿಂತಿದ್ದಾರೆ. ಮಗಳ ಜಡೆ ಬಿಡಿಸಿ ಬೆರಳಾಡಿಸುತ್ತಾರೆ.

"ಬುಡದಲ್ಲಿ ಒದ್ದೆ ಉಂಟು."

"ಉಂಟು," ಎನ್ನುತ್ತಾರೆ ಅಲೀಮಮ್ಮ. "ಹೇಳಿದ್ದೆ ಅಲ್ವಾ."

ಶಶಿಪ್ರಭಾ ಜಡೆಯನ್ನು ಮತ್ತೆ ಹೆಣೆಯುತ್ತಾರೆ. ಆಮೇಲೆ ನನ್ನನ್ನೂ ಹುಡುಗಿಯರನ್ನೂ ಒಮ್ಮೆ ನೋಡಿ ದನಿ ತಗ್ಗಿಸುತ್ತಾರೆ. "ನಮ್ಮಲ್ಲಿ ಗಂಡಸರು ಕಡಲಿಗೆ ಹೋಗುವುದು, ನಾವು ದಡದಲ್ಲಿ ಬುಟ್ಟಿ ಹಿಡಿದು ನಿಲ್ಲುವುದು. ಹುಟ್ಟಿದಾಗಿಂದ ನೀರಿನ ಬದಿಯಲ್ಲೇ ಇದ್ದೇನೆ ಅಕ್ಕ, ಒಂದು ದಿನ ಮೊಣಕಾಲು ದಾಟಿಲ್ಲ." ಅವರ ಕಣ್ಣು ಕಪ್ಪು ಸುರುಳಿಯ ಮೇಲಿದೆ. "ನಾನು ಬಂದರೆ ಇದರೊಳಗೆ ಹಿಡಿಯುತ್ತೇನಾ?"

ಅಲೀಮಮ್ಮ ಅವರನ್ನು ತಲೆಯಿಂದ ಕಾಲಿನವರೆಗೆ ನೋಡುತ್ತಾರೆ, ನೈಟಿ ಹೊಲಿಸಲು ಬಂದ ಗಿರಾಕಿಯನ್ನು ನೋಡುವ ಹಾಗೆಯೇ.

"ಇದರಲ್ಲಿ ಆಗುವುದಿಲ್ಲ," ಎನ್ನುತ್ತಾರೆ. "ಬಟ್ಟೆ ಉಳಿದದ್ದು ಉಂಟು. ನಾಳೆ ಅಳತೆಗೆ ಬನ್ನಿ."