ನಾನಿ ಹೇಳದೆ ಉಳಿಸಿಕೊಂಡ ಹೆಸರು

ಚಿತ್ರದಲ್ಲಿ ಹೆಬ್ಬೆರಳು ಕಾಣುವುದಿಲ್ಲ. ನಾಲ್ಕು ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ನೆಟ್ಟಗೆ ಚಾಚಿವೆ, ಅಂಗೈ ತಟ್ಟೆಯ ಹಾಗೆ ಸಪಾಟಾಗಿದೆ, ಅದರ ಮೇಲೆ ಸಿಪ್ಪೆ ತೆಗೆಯದ ಸೇಬಿನ ಒಂದು ಹೋಳು.

ಹೋದ ತಿಂಗಳು, ಇಲ್ಲಿ ಅಮೆರಿಕದಲ್ಲಿ, ಕಲ್ವರ್ ಸಿಟಿಯ ಆಫೀಸಿನಲ್ಲಿ ಮೀಟಿಂಗಿಗೆ ಕಾಯುತ್ತ ಕುಳಿತಿದ್ದಾಗ ಫೋನು ತಾನಾಗಿಯೇ ಈ ಹಳೆಯ ಚಿತ್ರವನ್ನು ಎದುರಿಗೆ ತಂದಿಟ್ಟಿತು. ಹೀಗೆ ಕೇಳದೆಯೇ ನೆನಪು ತಂದು ಕೊಡುವುದು ಅದರ ಚಟ. ಪಕ್ಕದಲ್ಲಿದ್ದ ಸಹೋದ್ಯೋಗಿ ಇಣುಕಿ ನೋಡಿ, ಸೇಬಿನ ಫೋಟೋ ಯಾಕೆ ಇಟ್ಟುಕೊಂಡಿದ್ದೀಯ ಎಂದು ಕೇಳಿದಳು. ‘ಸುಮ್ಮನೆ’ ಎಂದೆ. ನಾನು ಮನೆಯ ವಿಷಯಗಳನ್ನು ಹೊರಗೆ ಹೇಳುವವಳಲ್ಲ. ನಿಮಗೆ ಹೇಳುತ್ತೇನೆ. ನೀವು ಎದುರಿಗಿಲ್ಲವಲ್ಲ, ಅದಕ್ಕೆ.

ನಮ್ಮ ಮನೆಯಲ್ಲಿ ಯಾರಿಗಾದರೂ ತಿನ್ನಲು ಏನನ್ನಾದರೂ ಕೊಡುವುದು ಹೀಗೆಯೇ. ಖರ್ಜೂರವಿರಲಿ, ಬೆಲ್ಲದ ಚೂರಿರಲಿ, ಬೆರಳ ತುದಿಯಲ್ಲಿ ಹಿಡಿದು ಕೊಡುವಂತಿಲ್ಲ. ಅಂಗೈ ಅಗಲಿಸಿ, ಹೆಬ್ಬೆರಳನ್ನು ಅಡಿಗೆ ಮಡಚಿ ಚಾಚಬೇಕು. ಮರೆತರೆ ನಾನಿ ಆ ಹೆಬ್ಬೆರಳಿಗೆ ಪಟ್ಟೆಂದು ಹೊಡೆಯುತ್ತಿದ್ದರು. ‘ಒಳಗೆ! ಹೆಬ್ಬೆಟ್ಟು ಒಳಗೆ!’ ನಾನಿ ಎಂದರೆ ನನ್ನ ಅಮ್ಮಿಯ ತಾಯಿ. ಮೈಸೂರಿನ ಶಾಲೆಯಲ್ಲಿ ಕನ್ನಡ ಕಲಿಸಿದವರು. ಮನೆಯಲ್ಲಿ ಉಳಿದವರೊಂದಿಗೆ ಉರ್ದು, ನನ್ನೊಂದಿಗೆ ಮಾತ್ರ ಹಟ ಹಿಡಿದು ಕನ್ನಡ. ಅವರಿಗೆ ಈ ಅಭ್ಯಾಸ ಕಲಿಸಿದ್ದು ಅವರ ದಾದಿ, ಅಂದರೆ ಅವರ ತಂದೆಯ ತಾಯಿ. ಇದು ನಮ್ಮ ಧರ್ಮದ ಶಿಷ್ಟಾಚಾರವಿರಬೇಕು ಎಂದು ನಾನು ಬಹಳ ವರ್ಷ ನಂಬಿದ್ದೆ. ನಾರ್ತ್‌ರಿಜ್‌ನಲ್ಲಿ ಕಾಲೇಜು ಓದುತ್ತಿದ್ದಾಗ ಬೆಂಗಳೂರಿನ ಮುಸ್ಲಿಂ ಗೆಳತಿಯರನ್ನು ಕೇಳಿದರೆ, ಅಂಥದ್ದೊಂದನ್ನು ಅವರಾರೂ ಕೇಳಿರಲಿಲ್ಲ. ಅಲ್ಲಿಯೇ ಕನ್ನಡದವರ ಒಂದು ಕೂಟದಲ್ಲಿ ಉಡುಪಿಯ ಆಂಟಿಯೊಬ್ಬರಿಗೆ ಹೀಗೆ ಖರ್ಜೂರ ಚಾಚಿದೆ. ಅವರು ನನ್ನ ಕೈಯನ್ನೂ ಮುಖವನ್ನೂ ನೋಡಿ, ‘ಎಂತದು ಮಾರಾಯ್ತಿ, ನಾನೇನು ದನವಾ?’ ಎಂದರು. ಎಲ್ಲರೂ ನಕ್ಕರು. ನಾನು ತಟ್ಟೆಯಲ್ಲಿಟ್ಟು ಕೊಡಲು ಕಲಿತೆ.

ಆ ದಾದಿಯ ಬಗ್ಗೆ ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವರು ಚಿಕ್ಕ ಮಗುವಾಗಿದ್ದಾಗ ಅವರ ತಂದೆ ಮೈಸೂರಿನಿಂದ ಹೊರಟು ಹೋದರು, ಮರಳಿ ಬರಲಿಲ್ಲ. ಆಸ್ಟ್ರೇಲಿಯಾಕ್ಕೆ ಹೋದರಂತೆ ಎಂಬ ಸುದ್ದಿಯಷ್ಟೇ ಬಂತು. ‘ಓಡಿಹೋದವನ ಹೆಸರು ಈ ಮನೆಯಲ್ಲಿ ಯಾರ ಬಾಯಲ್ಲೂ ಬರಬಾರದು’ ಎಂದು ದಾದಿ ಕಟ್ಟಪ್ಪಣೆ ಮಾಡಿದ್ದರು. ಆ ಹೆಸರು ಗೊತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡು, ಕೊನೆಗೆ ನಾನಿ ಒಬ್ಬರೇ ಉಳಿದರು. ಅವರು ಇಲ್ಲಿಯ ಪೋರ್ಟರ್ ರ್ಯಾಂಚ್‌ನಲ್ಲಿ ನನ್ನ ಅಪ್ಪ-ಅಮ್ಮಿಯರ ಮನೆಯ ಸೋಫಾದ ಮೇಲೆ ಕುಳಿತು, ಆ ಹೆಸರನ್ನು ಬಾಯೊಳಗೆ ಇಟ್ಟುಕೊಂಡೇ ಎಂಬತ್ತು ದಾಟಿದರು.

‘ಹೆಸರು ಹೇಳಿ ನಾನಿ, ಹುಡುಕ್ತೀನಿ.’

‘ದಾದಿಗೆ ಮಾತು ಕೊಟ್ಟಿದೀನಿ.’

‘ಅವರು ತೀರಿಕೊಂಡು ಎಷ್ಟು ಕಾಲ ಆಯ್ತು!’

‘ಮಾತಿಗೆ ಎಕ್ಸ್‌ಪೈರಿ ಡೇಟ್ ಇರತ್ತೇನೇ? ಓಡಿಹೋದನೋ, ಯಾರಾದ್ರೂ ಕಳಿಸಿದ್ರೋ, ಹೇಗೆ ಹೋದ ಅಂತ ಮೊದಲು ತಿಳ್ಕೊಂಡು ಬಾ. ಆಮೇಲೆ ನೋಡೋಣ.’

ಹೆಸರಿಲ್ಲದವರನ್ನು ಹುಡುಕುವುದು ಹೇಗೆ, ನೀವೇ ಹೇಳಿ. ಎರಡು ಸಾವಿರದ ಇಪ್ಪತ್ತರಲ್ಲಿ ಎಲ್ಲರೂ ಮನೆಯೊಳಗೆ ಸಿಕ್ಕಿಬಿದ್ದಾಗ ನಾನು ಈ ಕೆಲಸಕ್ಕೆ ಕೂತೆ. ದಾದಿಯ ತಂದೆ ಹೋದ ಕಾಲದಲ್ಲಿ ಹಿಂದೂಸ್ತಾನದ ಕಡೆಯ ಮುಸಲ್ಮಾನರು ಆಸ್ಟ್ರೇಲಿಯಾದ ಮರುಭೂಮಿಗೆ ಒಂಟೆ ನಡೆಸಲು ಹೋಗುತ್ತಿದ್ದರು ಎಂದು ಓದಿದ್ದೇ ತಡ, ಬೇರೆ ಏನನ್ನೂ ಯೋಚಿಸಲಿಲ್ಲ. ಒಂಟೆಯ ನಡಿಗೆ, ಒಂಟೆಯ ಜೀನು, ಒಂಟೆಗಳು ದಾಟಿದ ದಾರಿಗಳು, ಎಲ್ಲವನ್ನೂ ಓದಿದೆ. ಮನೆಮಂದಿಯನ್ನೆಲ್ಲ ಟಿವಿಯ ಮುಂದೆ ಕೂರಿಸಿ ಸ್ಲೈಡುಗಳನ್ನೂ ತೋರಿಸಿದೆ. ಇಲ್ಲೇ ಹುಟ್ಟಿದ ನನ್ನ ತಮ್ಮ ಅಯಾನ್ ಕೊನೆಯವರೆಗೂ ನೋಡಿ, ‘ಸೋ ವಿ ಆರ್ ಕ್ಯಾಮೆಲ್ ಪೀಪಲ್?’ ಎಂದು ಕೇಳಿದ. ನಾನಿ ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: ‘ಒಂಟೆ ನೋಡೋಕೆ ನಾವು ಮೈಸೂರಲ್ಲಿ ಝೂಗೆ ಹೋಗ್ತಿದ್ವಮ್ಮ.’

ಅಲ್ಲಿಗೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಓದಿದವಳ ಮೊಂಡುತನ ಬೇರೆಯೇ ಜಾತಿಯದು.

ಅಯಾನನ ಒತ್ತಾಯಕ್ಕೆ ನಾನಿಯ ಜೊಲ್ಲನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿದೆವು. ‘ಇದನ್ನ ಪೋಸ್ಟ್ ಮಾಡ್ತೀರಾ? ಆ ಪೋಸ್ಟ್‌ಮ್ಯಾನ್ ಏನು ಪಾಪ ಮಾಡಿದ್ದ?’ ಎನ್ನುತ್ತಲೇ ನಾನಿ ಕೊಳವೆ ತುಂಬಿಸಿದರು. ಎಷ್ಟೋ ತಿಂಗಳು ಏನೂ ಇಲ್ಲ. ಆಮೇಲೊಂದು ದಿನ ಸ್ಯಾನ್ ಡಿಯಾಗೋದಿಂದ ಲೊರೇನ್ ಎಂಬ ಮಹಿಳೆಯ ಸಂದೇಶ ಬಂತು. ಆಸ್ಟ್ರೇಲಿಯಾದಲ್ಲಿ ಹುಟ್ಟಿ, ಅಮೆರಿಕದವರನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಅವರ ಅಜ್ಜಿಯ ತಂದೆ ಭಾರತದವರು. ಪರೀಕ್ಷೆಯ ಪ್ರಕಾರ ಲೊರೇನ್ ಅವರ ರಕ್ತವೂ ನಾನಿಯ ರಕ್ತವೂ ಒಂದು ಕಡೆ ಸೇರುತ್ತಿತ್ತು. ನೋಡಿ, ಇಷ್ಟು ದಿನ ಸಮುದ್ರದಾಚೆ ಹುಡುಕಿದ ಸಂಬಂಧ ಎರಡೂವರೆ ಗಂಟೆಯ ಡ್ರೈವಿನಲ್ಲಿತ್ತು! ಅಪರಿಚಿತರಿಗೆ ಉತ್ತರ ಬರೆಯಲು ಹಿಂಜರಿಯುವ ನಾನು ಅಂದು ಕುಳಿತಲ್ಲೇ ಬರೆದೆ. ಆ ಶನಿವಾರವೇ ಹೊರಟೆ.

ಲೊರೇನ್ ತೋಟದ ಬೆಂಚಿನ ಮೇಲೆ ಕುಳಿತು ಸೇಬು ಹೆಚ್ಚುತ್ತಿದ್ದರು. ಎತ್ತರದ ಹೆಂಗಸು, ಬೆಳ್ಳಗಿನ ಕೂದಲು, ಹುಬ್ಬು ಮಾತ್ರ ನನ್ನ ಅಮ್ಮಿಯದೇ. ಮೊದಲ ಅರ್ಧ ಗಂಟೆ ನಾವಿಬ್ಬರೂ ಹವೆಯ ಬಗ್ಗೆ, ಟ್ರಾಫಿಕ್ಕಿನ ಬಗ್ಗೆ ಎಚ್ಚರಿಕೆಯಿಂದ ಮಾತಾಡಿದೆವು. ಒಂಟೆಗಳ ವಿಷಯಕ್ಕೆ ಹೇಗೆ ಬರುವುದೆಂದು ನಾನು ಲೆಕ್ಕ ಹಾಕುತ್ತಿದ್ದೆ. ಆಗ ಅವರು ಮಾತಿನ ನಡುವೆ, ನೋಡದೆಯೇ, ನನ್ನತ್ತ ಒಂದು ಹೋಳು ಚಾಚಿದರು.

ಅಂಗೈ ಸಪಾಟು. ಹೆಬ್ಬೆರಳು ಅಡಿಗೆ.

‘ನಿಮ್ಮ ಹೆಬ್ಬೆರಳು!’ ಎಂದು ಕೂಗಿದೆ. ನನ್ನ ದನಿ ಅಷ್ಟು ಎತ್ತರಕ್ಕೆ ಹೋಗಬಲ್ಲದೆಂದು ನನಗೇ ಗೊತ್ತಿರಲಿಲ್ಲ.

ಅವರು ಗಾಬರಿಯಿಂದ ಕೈ ಕೊಡವಿದರು. ಸೇಬು ಹುಲ್ಲಿಗೆ ಬಿತ್ತು. ‘ಏನು, ಜೇಡವೇ?’

ನಾನು ನನ್ನ ಕೈಯನ್ನು ಅದೇ ರೀತಿ ಚಾಚಿ ತೋರಿಸಿದೆ. ಲೊರೇನ್ ಅದನ್ನು ನೋಡಿದರು. ಆಮೇಲೆ ನಗತೊಡಗಿದರು, ಕಣ್ಣಲ್ಲಿ ನೀರು ಬರುವವರೆಗೂ. ‘ನಿಮಗೂ ಹೊಡೆಯುತ್ತಿದ್ದರೇ?’

‘ನಾನಿ ಹೊಡೆಯುತ್ತಿದ್ದರು. ಯಾಕೆಂದು ಅವರಿಗೂ ಗೊತ್ತಿಲ್ಲ.’

‘ಕುದುರೆಗೆ, ಮಗಳೇ! ತನ್ನ ಮೂತಿಯ ಕೆಳಗಿರುವುದು ಅದಕ್ಕೆ ಕಾಣುವುದಿಲ್ಲ. ಹೆಬ್ಬೆರಳನ್ನೂ ಕ್ಯಾರೆಟ್ ಎಂದುಕೊಂಡು ಕಚ್ಚಿಬಿಡುತ್ತದೆ. ನಮ್ಮ ಮನೆಯಲ್ಲಿ ಈಗ ಯಾರ ಬಳಿಯೂ ಕುದುರೆಯಿಲ್ಲ. ಆದರೂ ಬಿಸ್ಕತ್ತನ್ನು ಹೀಗೇ ಕೊಡುತ್ತೇವೆ.’

ನನ್ನ ಒಂಟೆಗಳೆಲ್ಲ ಒಂದೇ ಕ್ಷಣದಲ್ಲಿ ಎದ್ದು ಹೋದವು. ಕುದುರೆಯ ಲಾಯದಲ್ಲಿ ಕೈ ಪಳಗಿದವರೊಬ್ಬರು ಮೈಸೂರಿನಲ್ಲಿ ಬಿಟ್ಟುಹೋದ ಮಗಳಿಗೂ, ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಮಗಳಿಗೂ ಒಂದೇ ಪಾಠ ಹೇಳಿಕೊಟ್ಟಿದ್ದರು. ಆ ಇಬ್ಬರು ಅಕ್ಕತಂಗಿಯರು ಒಬ್ಬರ ಮುಖವನ್ನೊಬ್ಬರು ನೋಡಲೇ ಇಲ್ಲ.

‘ಅವರು ಅಲ್ಲಿಗೆ ಬಂದದ್ದು ಹೇಗೆ?’ ಎಂದು ಕೇಳಿದೆ.

ಲೊರೇನ್ ತಮ್ಮ ಅಜ್ಜಿಯಿಂದ ಕೇಳಿದ್ದನ್ನು ಹೇಳಿದರು. ಆಸ್ಟ್ರೇಲಿಯಾದ ಕುದುರೆಗಳನ್ನು ಹಡಗಿನಲ್ಲಿ ಮದ್ರಾಸಿಗೆ ತಂದು ಮಾರುತ್ತಿದ್ದ ಕಾಲ. ಮೈಸೂರಿನ ಲಾಯಕ್ಕೆ ಕುದುರೆ ಕೊಳ್ಳಲು ಮದ್ರಾಸಿಗೆ ಹೋದವರ ಜೊತೆ ಈ ಮುತ್ತಜ್ಜನೂ ಹೋಗಿದ್ದರು. ಒಂದು ಹೆಣ್ಣು ಕುದುರೆ ಯಾರಿಗೂ ಒಪ್ಪಿಗೆಯಾಗಲಿಲ್ಲ. ಸಮುದ್ರಯಾನದಲ್ಲಿ ಬೆದರಿದ್ದ ಅದು ಯಾರು ಕೊಟ್ಟರೂ ಮೇವು ಮುಟ್ಟುತ್ತಿರಲಿಲ್ಲ, ಇವರ ಅಂಗೈಯಿಂದ ಮಾತ್ರ ತಿಂದಿತು. ಒಳ್ಳೆಯ ತಳಿ, ಸಾಯಿಸಲು ವ್ಯಾಪಾರಿಗೆ ಮನಸ್ಸಿಲ್ಲ. ವಾಪಸು ಹೋಗುವ ಹಡಗಿನಲ್ಲಿ ನೀನೂ ಬಾ, ಇದನ್ನು ಜೀವಂತ ಮುಟ್ಟಿಸಿ ಮುಂದಿನ ಹಡಗಿನಲ್ಲಿ ಮರಳು ಎಂದನಂತೆ. ಇವರು ಹತ್ತಿದರು. ಕುದುರೆ ಬದುಕಿತು. ಮರಳುವ ಹೊತ್ತಿಗೆ, ಮದ್ರಾಸಿನತ್ತ ಹೊರಡುವ ಹಡಗುಗಳಲ್ಲಿ ಬಿಳಿಯ ಹುಡುಗರಿಗಷ್ಟೇ ಕೆಲಸವೆಂದು ತಿಳಿಯಿತು. ಕೆಲವು ವರ್ಷ ಪ್ರತಿ ಹಡಗಿನ ಬಳಿಗೂ ಹೋಗಿ ಕೇಳಿದರು.

‘ಆಮೇಲೆ?’

‘ಆಮೇಲೆ ಕೇಳುವುದನ್ನು ಬಿಟ್ಟರು. ನನ್ನ ಮುತ್ತಜ್ಜಿಯನ್ನು ಮದುವೆಯಾದರು’ ಎಂದು ಲೊರೇನ್ ಮೆಲ್ಲನೆ ಹೇಳಿದರು. ‘ಅಲ್ಲಿ ಅವರನ್ನು ಎಲ್ಲರೂ ಜ್ಯಾಕ್ ಎಂದು ಕರೆಯುತ್ತಿದ್ದರು. ಸಮಾಧಿಯ ಮೇಲೂ ಜ್ಯಾಕ್ ಎಂದೇ ಇದೆ. ಅವರ ನಿಜವಾದ ಹೆಸರು ನಿಮಗೆ ಗೊತ್ತೇ?’

‘ನನಗೆ ಗೊತ್ತಿಲ್ಲ. ಗೊತ್ತಿರುವವರು ಒಬ್ಬರಿದ್ದಾರೆ’ ಎಂದೆ. ಹೊರಡುವ ಮುನ್ನ ಇನ್ನೊಂದು ಹೋಳು ಚಾಚಲು ಹೇಳಿ ಫೋಟೋ ತೆಗೆದುಕೊಂಡೆ.

ಮರಳುವ ದಾರಿಯ ಟ್ರಾಫಿಕ್ಕಿನಲ್ಲಿ ಒಬ್ಬಳೇ ಗಟ್ಟಿಯಾಗಿ ಮಾತಾಡುತ್ತಿದ್ದೆ. ನಾನಿಗೆ ಹೇಗೆ ಹೇಳಬೇಕೆಂದು ಅಭ್ಯಾಸ ಮಾಡಿದೆ. ಕೊನೆಯ ಭಾಗವನ್ನು, ಆ ಎರಡನೆಯ ಮದುವೆಯನ್ನು, ಬಿಟ್ಟು ಹೇಳಿ ನೋಡಿದೆ. ಎಷ್ಟು ಚೆನ್ನಾಗಿ ಹೊಂದುತ್ತಿತ್ತು! ಆದರೆ ಪೋರ್ಟರ್ ರ್ಯಾಂಚ್‌ನ ದಿಣ್ಣೆ ಹತ್ತುವ ಹೊತ್ತಿಗೆ ಅದು ಬೇಡವೆನ್ನಿಸಿತು. ಎಲ್ಲವನ್ನೂ ಹೇಳಿದೆ.

ನಾನಿ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಅವರ ಬಲಗೈ ಮಡಿಲಲ್ಲಿ ತಾನಾಗಿಯೇ ಬಿಚ್ಚಿಕೊಂಡಿತು.

‘ಕುದುರೆ ಮುಟ್ಟಿಸೋಕೆ ಹೋದ’ ಎಂದರು.

‘ಹೌದು ನಾನಿ.’

‘ಬರದೇ ಇದ್ದಿದ್ದನ್ನ ಮಾಫ್ ಮಾಡೋಕೆ ನಾನು ಯಾರು? ಅದು ದಾದಿಗೆ ಬಿಟ್ಟಿದ್ದು, ಅವರು ಅಲ್ಲಿ ನೋಡ್ಕೋತಾರೆ. ಆದ್ರೆ ನಂಗೆ ಹೇಳ್ಬೇಡ ಅಂದಿದ್ದು ಓಡಿಹೋದವನ ಹೆಸರು. ಇವನು ಓಡಿಹೋಗ್ಲಿಲ್ಲ.’ ಶಾಲೆಯಲ್ಲಿ ಉತ್ತರಕ್ಕೆ ಅಂಕ ಕೊಡುತ್ತಿದ್ದ ದನಿಯೇ ಅದು. ಆಮೇಲೆ ನನ್ನ ಕಿವಿಯನ್ನು ಹತ್ತಿರಕ್ಕೆಳೆದುಕೊಂಡು, ಪಕ್ಕದಲ್ಲಿದ್ದ ಅಮ್ಮಿಗೂ ಕೇಳಿಸದಷ್ಟು ಸಣ್ಣಗೆ ಹೇಳಿದರು. ‘ಖಾಸಿಂ. ಅವನ ಹೆಸರು ಖಾಸಿಂ.’

ಈಗ ಈ ಚಿತ್ರ ಎದುರಿಗೆ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಪಿಸುಮಾತು. ಮೀಟಿಂಗು ಶುರುವಾಗಿದ್ದರೂ ಸ್ವಲ್ಪ ಹೊತ್ತು ನನ್ನ ಕಿವಿ ಅಲ್ಲೇ ಇರುತ್ತದೆ. ಮೊನ್ನೆಯಂತೂ ಫೋನನ್ನು ಅದೇ ಸಹೋದ್ಯೋಗಿಯ ಕಡೆ ತಿರುಗಿಸಿ, ‘ಸುಮ್ಮನೆ ಅಲ್ಲ, ಒಂದು ಕಥೆ ಇದೆ, ಊಟದ ಹೊತ್ತಿಗೆ ಹೇಳುತ್ತೇನೆ’ ಎಂದುಬಿಟ್ಟೆ.

ನಾನಿ ಹೆಸರು ಹೇಳಿದ ಮರುದಿನ ಬೆಳಿಗ್ಗೆ, ಚಹಾ ಕೂಡ ಕುಡಿಯದೆ, ಲೊರೇನ್ ಅವರಿಗೆ ಫೋನ್ ಮಾಡಿದೆ. ಸ್ಪೀಕರ್ ಹಾಕಿ ನಾನಿಯ ಮುಂದಿಟ್ಟೆ. ನಾನಿ ಗಂಟಲು ಸರಿಮಾಡಿಕೊಂಡು, ತರಗತಿಯ ಕೊನೆಯ ಬೆಂಚಿಗೂ ಕೇಳುವ ಹಾಗೆ, ಮುತ್ತಜ್ಜನ ಹೆಸರನ್ನು ಬಿಡಿಸಿ ಹೇಳಿದರು. ಅತ್ತಲಿಂದ ಲೊರೇನ್ ತಪ್ಪಾಗಿ ಹೇಳಿದರು. ‘ಅಲ್ಲ, ಇನ್ನೊಂದ್ ಸಲ’ ಎಂದರು ನಾನಿ, ಕನ್ನಡದಲ್ಲೇ.