ನೀರುಗುಳ್ಳೆ ಹುಡುಕುವ ಬೇಡಕ್ಕ

ಇನ್ನೂ ಬೆಳಕು ಹರಿದಿಲ್ಲ. ಕಸಾಯಿಖಾನೆಯ ಹಿಂಬದಿಯ ಕೋಣೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಉದ್ದನೆಯ ಸ್ಟೀಲ್ ಮೇಜು. ಅದರ ಮೇಲೆ ಆಗಷ್ಟೇ ಕೊಯ್ದ ಕುರಿಗಳ ಲಿವರ್‌ಗಳು, ಶ್ವಾಸಕೋಶಗಳು. ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬರು ಒಂದೊಂದನ್ನೂ ಕೈಗೆತ್ತಿಕೊಂಡು, ಬೆರಳಿಂದ ಒತ್ತಿ ನೋಡಿ, ಚಾಕುವಿನಿಂದ ಸೀಳುತ್ತಾರೆ. ಸೀಳಿದಲ್ಲಿಂದ ಚಪ್ಪಟೆ ಹುಳುವೊಂದು ಮೆಲ್ಲಗೆ ಜಾರಿ ಹೊರಬರುತ್ತದೆ. "ಇದು ಬೇಡ" ಎನ್ನುತ್ತ ಕೆಂಪು ಡಬ್ಬಕ್ಕೆ ಹಾಕುತ್ತಾರೆ. ಕೆಲಸ ಮುಗಿಯುವತನಕ ಬಾಯಲ್ಲಿ ಅದೇ ಮಾತು. ಹಾಗಾಗಿ ಇಲ್ಲಿನವರಿಗೆಲ್ಲ ಅವರು ಬೇಡಕ್ಕ.

ಮಾಂಸ ತಿನ್ನಬಹುದೆಂದು ಕೊನೆಗೆ ಮುದ್ರೆ ಒತ್ತುವುದು ಪಶುವೈದ್ಯರು. ಆದರೆ ಅವರ ಮುಂದೆ ಹೋಗುವ ಮೊದಲು ಎಲ್ಲವೂ ಬೇಡಕ್ಕನ ಕೈ ದಾಟಬೇಕು. ಗಂಡ ತೀರಿಕೊಂಡ ಮೇಲೆ ನೆಲ ತೊಳೆಯಲೆಂದು ಇಲ್ಲಿಗೆ ಬಂದವರು. ಹಿಂದಿದ್ದ ಡಾಕ್ಟರು ಪಕ್ಕದಲ್ಲಿ ನಿಲ್ಲಿಸಿಕೊಂಡು ಈ ಕೆಲಸ ಕಲಿಸಿದರು. ಮೊದಮೊದಲು ಊಟವೇ ಸೇರುತ್ತಿರಲಿಲ್ಲವಂತೆ. "ತಟ್ಟೆ ಮುಂದೆ ಕೂತ್ರೆ ಹುಳಾನೇ ಕಣ್ಮುಂದೆ ಬರೋದು. ಈಗ ನೋಡಿ, ಇಲ್ಲೇ ಹೊರಗೆ ನಿಂತು ಟೀ ಕುಡೀತೀನಿ" ಎಂದು ನಗುತ್ತಾರೆ.

ಹತ್ತು ಕುರಿ ಬಂದರೆ ಎರಡು ಮೂರರಲ್ಲಿ ಏನಾದರೊಂದು ಸಿಕ್ಕೇ ಸಿಗುತ್ತದೆ. ಜೌಗು ನೆಲದಲ್ಲಿ ಮೇಯ್ದ ಮಂದೆಯಾದರೆ ಅರ್ಧಕ್ಕರ್ಧ ಲಿವರ್‌ಗಳಲ್ಲಿ ಹುಳು. "ಹೊರಗಿಂದ ಗುಂಡುಕಲ್ಲಿನ ಹಾಗೆ ಇರುತ್ತೆ ಕುರಿ. ಒಳಗೆ ನೋಡಿದ್ರೆ ತುಂಬ ಬಾಡಿಗೆದಾರರು."

ಆದರೆ ಬೇಡಕ್ಕನಿಗೆ ದಿಗಿಲು ಹುಟ್ಟಿಸುವುದು ನೀರುಗುಳ್ಳೆ. ಕುರಿಯ ಶ್ವಾಸಕೋಶದಲ್ಲೋ ಲಿವರ್‌ನಲ್ಲೋ ನಿಂಬೆಹಣ್ಣಿನ ಗಾತ್ರಕ್ಕೆ ಬೆಳೆಯುವ ಗುಳ್ಳೆ ಅದು. ಅದನ್ನು ನಾಯಿ ಹಸಿಯಾಗಿ ತಿಂದರೆ ಅದರ ಕರುಳಲ್ಲಿ ಪುಟ್ಟ ಲಾಡಿಹುಳುಗಳು ಹುಟ್ಟಿಕೊಳ್ಳುತ್ತವೆ. ಅವುಗಳ ಮೊಟ್ಟೆ ನಾಯಿಯ ಮಲದಿಂದ ಹುಲ್ಲಿಗೆ, ಅದರ ಕೂದಲಿಗೆ, ಅಲ್ಲಿಂದ ಅದನ್ನು ಮುದ್ದಾಡುವ ಮಕ್ಕಳ ಕೈಗೆ, ಬಾಯಿಗೆ. ಆಮೇಲೆ ಆ ಮಕ್ಕಳ ಹೊಟ್ಟೆಯೊಳಗೂ ಅಂಥದೇ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ.

ಈ ಗುಳ್ಳೆಯೇ ಅವರ ಮನೆಯಲ್ಲಿ ಮಾತು ನಿಲ್ಲಿಸಿತು. ಬೇಡಕ್ಕನ ಮೈದುನನದು ಮಾಂಸದಂಗಡಿ. ಕಳೆದ ವರ್ಷ ಅವನ ಕುರಿಗಳ ಲಿವರ್‌ಗಳು ಸಾಲಾಗಿ ಡಬ್ಬಕ್ಕೆ ಬಿದ್ದಾಗ ಅವನು ಮೇಜಿನ ಬಳಿ ಬಂದು ನಿಂತ.

"ಅತ್ತಿಗೆ, ಕೆಟ್ಟಿದ್ದಷ್ಟನ್ನ ಕೊಯ್ದು ಬಿಸಾಕ್ತೀನಿ, ಉಳಿದಿದ್ದು ಕೊಡಿ. ಬೇಯಿಸಿದ್ಮೇಲೆ ಯಾರಿಗೇನಾಗುತ್ತೆ?"

"ಬೇಯಿಸಿ ತಿಂದವರಿಗೆ ಏನೂ ಆಗಲ್ಲಪ್ಪ. ಬಿಸಾಕ್ತೀನಿ ಅಂದೆಯಲ್ಲ, ಎಲ್ಲಿಗೆ?"

ಅಂಗಡಿ ಮುಂದಿನ ಕರಿನಾಯಿ ಅವನು ಪ್ರೀತಿಯಿಂದ ಎಸೆದ ಚೂರು ತಿಂದೇ ದುಂಡಗಾಗಿತ್ತು. ಅವನ ಇಬ್ಬರು ಮಕ್ಕಳು ಶಾಲೆಯಿಂದ ಬಂದರೆ ಚೀಲ ಇಳಿಸುವ ಮೊದಲೇ ಅದರ ಕೊರಳಿಗೆ ಜೋತುಬೀಳುತ್ತಿದ್ದರು.

ಯಾರೂ ತೆಗೆದು ಮಾರದಂತೆ ಬೇಡಕ್ಕ ಡಬ್ಬಕ್ಕೆ ನೀಲಿ ಬಣ್ಣ ಸುರಿದು, ಎಲ್ಲವನ್ನೂ ಬೀಗ ಹಾಕುವ ಗುಂಡಿಗೆ ತಳ್ಳಿದರು. "ಅತ್ತಿಗೆಯೇ ಹೊಟ್ಟೆ ಮೇಲೆ ಹೊಡೆದ್ರೆ ಇನ್ಯಾರಿಗೆ ಹೇಳೋದು" ಎಂದು ಅವನು ಮುಖ ಗಂಟು ಹಾಕಿಕೊಂಡು ಹೋದ. ಮತ್ತೆ ಮನೆ ಕಡೆ ಸುಳಿಯಲಿಲ್ಲ, ಮಕ್ಕಳನ್ನೂ ಕಳಿಸಲಿಲ್ಲ. ಸ್ವಂತ ಮಕ್ಕಳಿಲ್ಲದ ಬೇಡಕ್ಕನಿಗೆ ಅದೇ ದೊಡ್ಡ ಸಂಕಟ. "ಭಾನುವಾರ ಬಂದ್ರೆ ಬಾಗಿಲು ನೋಡ್ತಾ ಕೂರ್ತೀನಿ. ಆದ್ರೂ ಅವತ್ತು ಅವನ ಕೈಗೆ ಕೊಟ್ಟಿದ್ರೆ ನನಗೆ ನಿದ್ದೆ ಬರ್ತಿರಲಿಲ್ಲ" ಎನ್ನುತ್ತ ಮುಂದಿನ ಲಿವರ್ ಕೈಗೆತ್ತಿಕೊಳ್ಳುತ್ತಾರೆ.

ಮಾತಿನ ನಡುವೆಯೇ ಕೆಲಸದಾಳೊಬ್ಬ ಬಾಗಿಲಲ್ಲಿ ಬಕೆಟ್ ಇಟ್ಟು ಹೋಗುತ್ತಾನೆ. ಮೇಲೆ ಬಿಗಿಯಾದ ಮುಚ್ಚಳ. ಒಳಗೆ ಮೈದುನನ ಅಂಗಡಿಯ ನಿನ್ನೆಯ ಚೂರುಪಾರು. ಇಲ್ಲಿನ ಗುಂಡಿಗೇ ಹಾಕಬೇಕೆಂದು ಕೆಲವು ತಿಂಗಳಿಂದ ಅವನೇ ಕಳಿಸುತ್ತಿದ್ದಾನೆ. ಕರಿನಾಯಿಗೂ ಜಂತಿನ ಮಾತ್ರೆ ಹಾಕಿಸಿದ್ದಾನಂತೆ. ಅದರ ಊಟವೂ ಈಗ ಬೇಯಿಸಿದ್ದೇ.

ಹಾಗಾದರೆ ಮಾತು ಶುರುವಾಗಿದೆಯೇ?

"ಎಲ್ಲಿಂದ? ಎದುರಿಗೆ ಸಿಕ್ಕಿದ್ರೆ ಇವತ್ತಿಗೂ ಮುಖ ತಿರುಗಿಸ್ತಾನೆ. ಮಕ್ಕಳನ್ನ ಒಂದ್ಸಲ ಕಳಿಸಿದ್ರೆ ಸಾಕಿತ್ತು ನನಗೆ." ಬೇಡಕ್ಕ ಬಕೆಟ್ ಎತ್ತಿಕೊಂಡು ಗುಂಡಿಯತ್ತ ಹೊರಡುತ್ತಾರೆ. "ಆದ್ರೂ ಒಂದಿನಾನೂ ಬಕೆಟ್ ಮಾತ್ರ ತಪ್ಪಿಸಿಲ್ಲ ನೋಡಿ."